ಅಪ್ಪನ ಗಡಿಯಾರವೂ ಹಿಗ್ಗುವ ಬ್ರಹ್ಮಾಂಡವೂ

ಮೊನ್ನೆ ಸಂಜೆ ಮಿರ್ಚಿ ತಿಂದು ಮುಗಿಸಿ, ಅದನ್ನು ಕಟ್ಟಿಕೊಟ್ಟಿದ್ದ ಕಾಗದವನ್ನು ಓದುತ್ತ ಕುಳಿತೆ. ಇದು ನನ್ನ ಹಳೆಯ ಚಟ. ಎಂಬತ್ತು ದಾಟಿದವರು ಎಣ್ಣೆಯ ತಿಂಡಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕಾಗದ ಓದಬಾರದು ಎಂದು ಹೇಳಿಲ್ಲ. ಆದ್ದರಿಂದ ಅವರ ಮಾತನ್ನು ಅರ್ಧವಾದರೂ ಪಾಲಿಸಿದ ಹಾಗಾಗಲಿ ಎಂದು ಓದುತ್ತೇನೆ.

ಎಣ್ಣೆ ಕುಡಿದು ಕನ್ನಡಕದ ಗಾಜಿನ ಹಾಗಾಗಿದ್ದ ಆ ತುಂಡಿನ ಒಂದು ಬದಿಯಲ್ಲಿ ಟ್ರ್ಯಾಕ್ಟರಿನ ಜಾಹೀರಾತು, ಇನ್ನೊಂದು ಬದಿಯಲ್ಲಿ ಬ್ರಹ್ಮಾಂಡ. ಬ್ರಹ್ಮಾಂಡ ಹಿಗ್ಗುತ್ತಿದೆಯಂತೆ. ಅದು ಹೊಸದಲ್ಲ. ಆದರೆ ಹಿಗ್ಗುವ ರೀತಿ ಲೆಕ್ಕಕ್ಕೆ ಸಿಗುತ್ತಿಲ್ಲವಂತೆ. ಕಣ್ಣಿಗೆ ಕಾಣದ ಯಾವುದೋ ಶಕ್ತಿ ಅದನ್ನು ಹಿಗ್ಗಿಸುತ್ತಿದೆ ಎಂದು ಕೆಲವರು. ಅದೆಲ್ಲ ಏನೂ ಇಲ್ಲ, ಗುರುತ್ವಾಕರ್ಷಣೆಯ ಬಗ್ಗೆ ನಾವು ಬರೆದಿಟ್ಟುಕೊಂಡ ನಿಯಮವೇ ತಪ್ಪಿರಬಹುದು ಎಂದು ಇನ್ನು ಕೆಲವರು. ಹಾಗೆಂದವರ ವಾದವೇನೆಂದರೆ— ಅಲ್ಲಿಗೆ ಕಾಗದ ಹರಿದಿತ್ತು.

ನನ್ನ ಅಪ್ಪ ಇದ್ದಿದ್ದರೆ ಉಳಿದ ತುಂಡು ಸಿಗುವವರೆಗೆ ಆ ಅಂಗಡಿಯ ಮಿರ್ಚಿಯನ್ನೆಲ್ಲ ಕಟ್ಟಿಸಿಕೊಂಡು ಬರುತ್ತಿದ್ದರು. ಏಕೆಂದರೆ ಗುರುತ್ವಾಕರ್ಷಣೆಯ ನಿಯಮ ತಪ್ಪಿರಬಹುದು ಎಂಬ ಮಾತು ಹೊಸಪೇಟೆಯಲ್ಲಿ ಮೊದಲು ಹುಟ್ಟಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ವರದಕ್ಷಿಣೆಗೆ ಮದುವೆ ಮುರಿದದ್ದನ್ನು ನೀವು ಕೇಳಿರುತ್ತೀರಿ. ಜಾತಕ ಕೂಡದೆ ಮುರಿದದ್ದನ್ನೂ ಕೇಳಿರುತ್ತೀರಿ. ಗುರುತ್ವಾಕರ್ಷಣೆ ಕೂಡದೆ ಮುರಿದದ್ದನ್ನು ಕೇಳಿರಲಾರಿರಿ. ನನಗೆ ಹಾಗೆ ಎರಡು ಮುರಿದಿದ್ದವು.

ಅಪ್ಪ ಹೊಸಪೇಟೆಯ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಗುಮಾಸ್ತರಾಗಿದ್ದರು. ಊರಿನಲ್ಲಿ ಅವರಿಗೆ ‘ತಾರಿನ ರಾಯರು’ ಎಂದೇ ಹೆಸರು. ಆಗ ನಾವೆಲ್ಲ ಮದ್ರಾಸು ಸರ್ಕಾರಕ್ಕೆ ಸೇರಿದವರು. ದಿನಕ್ಕೊಮ್ಮೆ ಸರಿಯಾದ ಗಂಟೆ ಎಷ್ಟೆಂಬುದು ಕೂಡ ಮದ್ರಾಸಿನಿಂದಲೇ ತಂತಿಯಲ್ಲಿ ಬರಬೇಕು. ಅದು ಬಂದ ಕೂಡಲೇ ಸ್ಟೇಷನ್ನಿನ ಗಡಿಯಾರಕ್ಕೂ ತಮ್ಮ ಜೇಬಿನ ಗಡಿಯಾರಕ್ಕೂ ಅದನ್ನು ಹೊಂದಿಸುವುದು ಅಪ್ಪನ ಕೆಲಸ. ಹಂಪಿಯ ಹಾಳು ನೋಡಲು ಬರುವ ಬಿಳಿಯರು ಮೊದಲ ದರ್ಜೆಯ ಡಬ್ಬಿಯಲ್ಲಿ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನು ಆರಿಸಿ ತರುವುದು ಅವರ ಸಂತೋಷ. ಹಾಗೆ ತಂದ ಪತ್ರಿಕೆಯೊಂದರಲ್ಲಿ, ಆಕಾಶದಲ್ಲಿ ದೂರದೂರದ ನಕ್ಷತ್ರಗಳ ಗುಂಪುಗಳೆಲ್ಲ ಒಂದರಿಂದೊಂದು ದೂರ ಓಡುತ್ತಿವೆ ಎಂಬ ಸುದ್ದಿ ಬಂದಿತ್ತು. ಅಪ್ಪ ಅಂದು ಊಟದ ಎಲೆಯ ಮುಂದೆ ಕುಳಿತವರು ಕೈ ಅನ್ನದಲ್ಲೇ ಇಟ್ಟು ಕೇಳಿದರು:

“ಅಲ್ಲಾ, ಯಾರು ನೂಕಿದ್ರು?”

ಅವ್ವ ಹುಳಿಯ ಸೌಟು ಹಿಡಿದು ನಿಂತಿದ್ದಳು. “ಯಾರನ್ನ?” ಎಂದಳು ಗಾಬರಿಯಿಂದ. ಸ್ಟೇಷನ್ನಿನಲ್ಲಿ ಯಾರೋ ಗಾಡಿಯ ಕೆಳಗೆ ಬಿದ್ದರೇನೋ ಎಂದು ಅವಳ ಭಾವನೆ.

ಯಾರೂ ನೂಕಿಲ್ಲ ಎಂಬ ತೀರ್ಮಾನಕ್ಕೆ ಅಪ್ಪ ಆ ವಾರದಲ್ಲೇ ಬಂದರು. ಹಿಡಿದವನ ಕೈ ಸಡಿಲಾದರೆ ಹಿಡಿಸಿಕೊಂಡದ್ದು ತಾನಾಗಿ ದೂರವಾಗುತ್ತದೆ. ಗುರುತ್ವಾಕರ್ಷಣೆ, ಅಪ್ಪನ ಮಾತಿನಲ್ಲಿ ‘ಎಳೆತ’, ಕಾಲ ಕಳೆದಂತೆ ಸಡಿಲಾಗುತ್ತಿದೆ. ಅದಕ್ಕೇ ಬ್ರಹ್ಮಾಂಡ ಹಿಗ್ಗುತ್ತಿದೆ. ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಮ್ಮ ಪಡಸಾಲೆಯ ಗೋಡೆ ಗಡಿಯಾರ ಅದೇ ಸುಮಾರಿಗೆ ನಿಧಾನವಾಗಿ ನಡೆಯತೊಡಗಿತ್ತು. ಲೋಲಕ ತೂಗುವುದೇ ನೆಲದ ಎಳೆತದಿಂದ ತಾನೆ? ಎಳೆತ ಕಡಿಮೆಯಾದರೆ ತೂಗಾಟ ನಿಧಾನವಾಗಲೇಬೇಕು. ಅಪ್ಪನಿಗೆ ಮನೆಯಲ್ಲೇ ಸಾಕ್ಷಿ ಸಿಕ್ಕಿತು.

ಸ್ಟೇಷನ್ನಿನ ಗಡಿಯಾರ ಏಕೆ ಹಿಂದೆ ಬೀಳುವುದಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ಅದನ್ನ ದಿನಾ ತಿದ್ದತೀವಿ, ಅದು ಹಿಂದ ಬಿದ್ದದ್ದು ಯಾರಿಗೆ ತಿಳೀಬೇಕು?” ಎಂದರು. ಮದ್ರಾಸಿನ ಗಡಿಯಾರ? “ಅದನ್ನ ಅವರು ನಕ್ಷತ್ರ ನೋಡಿ ತಿದ್ದತಾರ.” ನೋಡಿ, ಅಪ್ಪ ದಡ್ಡರಲ್ಲ. ಅವರ ವಾದದ ಬಾಗಿಲುಗಳೆಲ್ಲ ಭದ್ರವಾಗಿದ್ದವು.

ಆ ಗಡಿಯಾರವನ್ನು ರಿಪೇರಿಗೆ ಕೊಡಕೂಡದು ಎಂದು ಅಪ್ಪ ಆಜ್ಞೆ ಮಾಡಿದರು. ಅದರ ಮೇಲಿನ ಬಾಗಿಲು ತೆರೆದು ವಾರಕ್ಕೊಮ್ಮೆ ಕೀಲಿ ಕೊಡುವರು. ಕಮಲದ ಚಿತ್ರ ಬರೆದಿದ್ದ ಕೆಳಗಿನ ಬಾಗಿಲನ್ನು, ಲೋಲಕ ಇರುವ ಜಾಗವನ್ನು, ಯಾರೂ ಮುಟ್ಟುವ ಹಾಗಿಲ್ಲ. ಅದನ್ನು ನಂಬಿ ಅನ್ನಕ್ಕಿಡುವ ಅವ್ವನ ಅಡುಗೆ ತಡವಾಗತೊಡಗಿತು. ರಾಹುಕಾಲಕ್ಕೆ ಮೊದಲೇ ಹೊರಟೆವೆಂದುಕೊಂಡವರು ಅದರ ನಡುವೆಯೇ ಹೊರಟಿರುತ್ತಿದ್ದರು. ಬ್ರಹ್ಮಾಂಡ ಹಿಗ್ಗುವುದರ ಕಷ್ಟ ಏನೆಂಬುದು ಆ ಕಾಲದಲ್ಲಿ ಅನುಭವಕ್ಕೆ ಬಂದದ್ದು ನಮ್ಮ ಅವ್ವನೊಬ್ಬಳಿಗೇ.

ನನ್ನ ವಯಸ್ಸಿನವರೆಲ್ಲ ಆಗಲೇ ಗಂಡನ ಮನೆಗೆ ಹೋಗಿದ್ದರು. ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ತಿರುಗಿ ತಿರುಗಿ ವರಗಳನ್ನು ಹುಡುಕಿ ತರುವನು. ಅಪ್ಪ ಅವರನ್ನು ಕೂರಿಸಿ ಸಿದ್ಧಾಂತ ಕೇಳಿಸುವರು. ಮೊದಲನೆಯವರು ಬಳ್ಳಾರಿಯ ಕಚೇರಿಯವರು. “ಎಳೆತ ಕಮ್ಮಿ ಆಗಲಿಕ್ಕತ್ತದ” ಎಂದರೆ “ಹೌದ್ರಿ ಹೌದ್ರಿ” ಎಂದರು. ಅಪ್ಪನಿಗೆ ಸಂಶಯ ಬಂತು. ಉಪ್ಪಿಟ್ಟು ಮುಗಿಯುವ ಹೊತ್ತಿಗೆ, “ಅಂದ್ರ, ಎಳೆತ ಹೆಚ್ಚಾಗಲಿಕ್ಕತ್ತದ ಅಂತ ಆತಲ್ಲ?” ಎಂದು ಕೇಳಿದರು. “ಹೌದ್ರಿ ಹೌದ್ರಿ.” ಆ ಸಂಬಂಧ ಅಲ್ಲಿಗೆ ಮುಗಿಯಿತು. ಎರಡನೆಯವರು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿ, “ಎಲ್ಲಾ ಹರಿಯ ಲೀಲೆ” ಎಂದರು. “ಲೀಲೆ ಅನ್ನೋದು ನನಗೂ ಗೊತ್ತದ, ಅದರ ಲೆಕ್ಕ ಹೇಳ್ರಿ” ಎಂದರು ಅಪ್ಪ. ಅದೂ ಮುಗಿಯಿತು.

ಮೂರನೆಯವರು ಕಂಪ್ಲಿಯವರು. ಮೆಟ್ರಿಯ ಕಡೆ ಒಂದಿಷ್ಟು ಗದ್ದೆಯಿದ್ದ ಮನೆತನ; ಮದ್ರಾಸಿನಲ್ಲಿ ಭೌತಶಾಸ್ತ್ರ ಓದಿ ಬಂದು ಹೊಸಪೇಟೆಯ ಶಾಲೆಯೊಂದಕ್ಕೆ ಆಗಷ್ಟೆ ಸೈನ್ಸ್ ಮಾಸ್ತರಾಗಿ ಸೇರಿದ್ದರು. ಮಾವ ಅವರನ್ನು ಕರೆತರುವಾಗ ದಾರಿಯಲ್ಲೇ ಕೈಮುಗಿದು ಹೇಳಿದ್ದನಂತೆ: “ಮಾಸ್ತರ, ನಮ್ಮ ಭಾವ ಏನರ ಕೇಳಿದ್ರ ಸುಮ್ಮನ ನಕ್ಕು ಬಿಡ್ರಿ.”

ಅವರು ನಗಲಿಲ್ಲ. ಅಪ್ಪ ಎಲ್ಲವನ್ನೂ ಹೇಳಿ ಮುಗಿಸುವ ತನಕ ತಟ್ಟೆ ಕೆಳಗಿಟ್ಟು ಕೇಳಿದರು. ಆಮೇಲೆ, “ಇಲ್ರಿ ರಾಯರ. ನಾ ಒಪ್ಪೂದಿಲ್ಲ” ಎಂದರು.

ಮಾವನ ಗಂಟಲಲ್ಲಿ ಶಿರಾ ಸಿಕ್ಕಿಕೊಂಡಿತು.

“ಯಾಕ ಒಪ್ಪೂದಿಲ್ಲ?”

“ನಕ್ಷತ್ರ ಓಡೂದಿಲ್ರಿ, ಅವುಗಳ ನಡುವಿನ ಜಾಗಾನ ಹಿಗ್ಗತದ.”

“ಜಾಗಾ ಅಂದ್ರ ಏನೂ ಇಲ್ಲದ್ದು. ಏನೂ ಇಲ್ಲದ್ದು ಹೆಂಗ ಹಿಗ್ಗತದ?”

“ಅದು ಹೇಳ್ಲಿಕ್ಕೆ ಕಷ್ಟದ ಮಾತ್ರಿ. ಆದ್ರ ನಿಮ್ಮ ಮಾತು ಅದಕ್ಕಿಂತ ಕಷ್ಟ. ಗಡಿಯಾರಕ್ಕ ತಿಳಿಯೋ ಅಷ್ಟು ಎಳೆತ ಸಡ್ಲ ಆಗಿದ್ರ, ಸೂರ್ಯನ ಹಿಡಿತಾನೂ ಸಡ್ಲ ಆಗಿರಬೇಕಲ್ರಿ? ಭೂಮಿ ದೂರ ಸರೀತಿತ್ತು. ಹೊಸಪೇಟಿಯೊಳಗ ನಾವು ಕಂಬಳಿ ಹೊತಗೊಂಡು ಕೂಡತಿದ್ವಿ.”

“ಹಂಗರ ಆಗಲಿ, ಒಂಚೂರು ತಂಪರ ಆಗ್ತದ” ಎಂದು ಒಳಗಿನಿಂದ ಅವ್ವನ ದನಿ ಬಂತು. ಅದು ಬೇಸಿಗೆ.

ಅಪ್ಪ ಕೊನೆಯ ಅಸ್ತ್ರವೆಂಬಂತೆ ಗಡಿಯಾರದ ಕಡೆ ಕೈ ತೋರಿಸಿದರು. ಮಾಸ್ತರು ಎದ್ದುಹೋಗಿ ಅದರ ಮುಂದೆ ನಿಂತು ಕಿವಿಗೊಟ್ಟು ಕೇಳಿದರು. “ಕೆಳಗಿನ ಬಾಗಲಾ ತಗದು ನೋಡ್ಲೇನ್ರಿ?”

“ಕೈ ಹಚ್ಚಬ್ಯಾಡ್ರಿ!” ಅಪ್ಪನ ದನಿ ಬೀದಿಗೆ ಕೇಳಿಸಿತು.

ಇಷ್ಟೂ ಹೊತ್ತು ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಜರಿಯ ಸೀರೆ, ಮುಡಿ ತುಂಬ ಮಲ್ಲಿಗೆ. ನನ್ನನ್ನು ನೋಡಲೆಂದು ಬಂದ ಮನುಷ್ಯ ಗಡಿಯಾರವನ್ನು ನೋಡಿ ಹೊರಟುಹೋದರು. ನಾನು ಮಾತ್ರ ಅವರನ್ನು ಚೆನ್ನಾಗಿ ನೋಡಿಕೊಂಡೆ. ಕಾಫಿ ಆರಿದ್ದು ನನಗೆ ಗೊತ್ತೇ ಆಗಲಿಲ್ಲ ಎಂದರೆ ಉಳಿದದ್ದನ್ನು ನೀವೇ ತಿಳಿದುಕೊಳ್ಳಿ.

“ಈ ಸಂಬಂಧ ಬ್ಯಾಡ” ಎಂದರು ಅಪ್ಪ.

ಅವ್ವ ಯಾವಾಗಲೂ ಮೆತ್ತಗೆ ಮಾತಾಡುವವಳು. ಅಂದು ಪಡಸಾಲೆಯ ನಡುವೆ ಬಂದು ನಿಂತಳು. “ಹೌದು ಅಂದವರು ಬ್ಯಾಡ, ಅಲ್ಲ ಅಂದವರೂ ಬ್ಯಾಡ. ಇಕಿನ್ನ ಆ ಗಡಿಯಾರದ ಪೆಟ್ಟಿಗಿಯೊಳಗ ಇಟ್ಟು ಕೀಲಿ ಹಾಕಿಬಿಡ್ರಿ. ಇಬ್ಬರೂ ಹಿಂಗ ತಡಾ ಆಗ್ತಾ ಕೂತಿರಲಿ.” ಹೇಳಿ ಒಳಗೆ ಹೋದವಳು ಒಲೆಯ ಮುಂದೆ ಕುಳಿತು ಅತ್ತಳು. ಅವಳು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಪ್ಪನೂ ನೋಡಿರಲಿಲ್ಲವೆಂದು ಕಾಣುತ್ತದೆ. ಅಡುಗೆಮನೆಯ ಹೊಸ್ತಿಲವರೆಗೆ ಬಂದು, ನೀರು ಕುಡಿದು ಹೋದರು.

ನಾಲ್ಕಾರು ದಿನಗಳಲ್ಲಿ ಮಾಸ್ತರು ಮಾವನ ಕೈಯಲ್ಲಿ ಹೇಳಿ ಕಳಿಸಿದರು. ಮದುವೆಯ ಸುದ್ದಿಯಲ್ಲ. ಗಡಿಯಾರ ಮುಟ್ಟುವುದು ಬೇಡ. ಒಂದು ಉದ್ದ ದಾರಕ್ಕೆ ಭಾರ ಕಟ್ಟಿ ತೂಗಿಬಿಡೋಣ. ದಾರ ಇಷ್ಟುದ್ದವಿದ್ದರೆ ಒಂದು ತೂಗಾಟಕ್ಕೆ ಇಷ್ಟು ಹೊತ್ತು ಎಂದು ಪುಸ್ತಕದಲ್ಲಿದೆ. ಆ ಪುಸ್ತಕ ಬರೆದಾಗಿನಿಂದ ಈಚೆಗೆ ಎಳೆತ ಸಡಿಲಾಗಿದ್ದರೆ ತೂಗಾಟ ಅದಕ್ಕಿಂತ ನಿಧಾನವಾಗಬೇಕು. ಹೊತ್ತು ನೋಡಲು ಲೋಲಕವಿಲ್ಲದ ಗಡಿಯಾರ, ರಾಯರದೇ ಜೇಬಿನದು, ಇರಲಿ. ಆಗಬಹುದೆ?

ಅಪ್ಪ ಎಲ್ಲಿ ಬೇಡವೆನ್ನುವರೋ ಎಂದು ನಾನು ಕದದ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪ ಕೇಳಿದ್ದು ಒಂದೇ ಮಾತು: “ಅಷ್ಟು ಉದ್ದದ ದಾರ ಎಲ್ಲೆ ಕಟ್ಟೂದು?”

ಹಂಪಿಯಲ್ಲಿ ಎಂದಾಯಿತು. ನೆಪಕ್ಕೆ ಯಂತ್ರೋದ್ಧಾರಕ ಪ್ರಾಣದೇವರ ದರ್ಶನ. ಗಾಡಿ ಕಟ್ಟಿಸಿಕೊಂಡು, ಮೊಸರನ್ನದ ಬುತ್ತಿ ಕಟ್ಟಿಕೊಂಡು ನಾವು ನಾಲ್ವರು ಹೊರಟೆವು; ಮಾಸ್ತರು ಸೈಕಲ್ಲಿನಲ್ಲಿ ಬಂದರು. ಪ್ರಾಣದೇವರ ಮುಂದೆ ನಿಂತಾಗ ನನಗೊಂದು ದೊಡ್ಡ ಪೇಚಾಯಿತು. ಏನೆಂದು ಬೇಡಿಕೊಳ್ಳಲಿ? ಎಳೆತ ಇದ್ದ ಹಾಗೇ ಇರಲಿ ಎನ್ನಲೆ? ಹಾಗಾದರೆ ಅಪ್ಪ ಸೋತು ಮುಖ ಕೆಡಿಸಿಕೊಂಡು ಈ ಸಂಬಂಧವೇ ಬೇಡವೆನ್ನಬಹುದು. ಸಡಿಲಾಗಿರಲಿ ಎನ್ನಲೆ? ಹಾಗಾದರೆ ಇವರು ಸೋತು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಕ್ಕಿಲ್ಲ. ಹನ್ನೆರಡು ಕಪಿಗಳ ನಡುವೆ ಯೋಗಕ್ಕೆ ಕುಳಿತ ದೇವರಿಗೆ, “ನಿನಗೆ ತಿಳಿದದ್ದು ಮಾಡು” ಎಂದು ಹೇಳಿ ಪ್ರದಕ್ಷಿಣೆ ಹಾಕಿದೆ.

ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಗಾಳಿ ಕಡಿಮೆಯಿರುವ ಎತ್ತರದ ಒಂದನ್ನು ಮಾಸ್ತರು ಆರಿಸಿದರು. ಮೇಲಿನ ಕಲ್ಲಿನ ತೊಲೆಗೆ ದಾರ ಕಟ್ಟಿ, ತುದಿಗೆ ಹಿತ್ತಾಳೆಯ ತೂಕದ ಗುಂಡು ತೂಗುಬಿಟ್ಟು, ಟೇಪು ಹಿಡಿದು ಅಳೆದರು. ಅಪ್ಪ ಮತ್ತೊಮ್ಮೆ ಅಳೆದರು. ಈಗ ಎಣಿಸುವವರು ಯಾರು? ಅಪ್ಪನ ಎಣಿಕೆಯನ್ನು ಮಾಸ್ತರು ನಂಬರು, ಮಾಸ್ತರ ಎಣಿಕೆಯನ್ನು ಅಪ್ಪ ನಂಬರು. ಮಾವ ಬುತ್ತಿ ಉಂಡು ಕಂಬಕ್ಕೊರಗಿ ನಿದ್ದೆ ಹೋಗಿದ್ದ. ಅವ್ವನಿಗೆ ಎಣಿಸುವಾಗ ಮಾತಾಡುವ ಅಭ್ಯಾಸ.

“ಅವರು ಎಣಿಸಲಿ” ಎಂದರು ಮಾಸ್ತರು. ಅವರು ನನ್ನ ವಿಷಯ ಮಾತಾಡಿದ್ದು ಅದೇ ಮೊದಲು.

ನಾನು ಎಣಿಸತೊಡಗಿದೆ. ಗುಂಡು ನನ್ನ ಕಡೆ ಬರುವುದು, ಅವರ ಕಡೆ ಹೋಗುವುದು. ಪ್ರತಿ ಸಲ ಗುಂಡಿನ ಹಿಂದೆಯೇ ನನ್ನ ಕಣ್ಣೂ ಹೋಗಬೇಕಲ್ಲ? ಹೋದಲ್ಲಿ ಅವರಿದ್ದರು. ಅವರ ಕಣ್ಣೂ ಗುಂಡಿನ ಹಿಂದೆ ಬರಬೇಕಲ್ಲ? ಬಂದಲ್ಲಿ ನಾನಿದ್ದೆ. ಹೆತ್ತವರ ಎದುರಿಗೆ, ಹಾಡುಹಗಲು, ಶಾಸ್ತ್ರೋಕ್ತವಾಗಿ ನಾವಿಬ್ಬರು ಹೀಗೆ ನೋಡುತ್ತ ಕುಳಿತದ್ದಕ್ಕೆ ಯಾರೂ ಆಕ್ಷೇಪ ಎತ್ತುವ ಹಾಗಿರಲಿಲ್ಲ. ಆದರೂ ಎಣಿಕೆ ತಪ್ಪಲಿಲ್ಲ. ಅಪ್ಪನ ಮರ್ಯಾದೆ ಆ ದಾರಕ್ಕೆ ಜೋತುಬಿದ್ದಿತ್ತು. ಒಂದು ಹೆಚ್ಚು ಹೇಳಿದರೂ ಒಂದು ಕಡಿಮೆ ಹೇಳಿದರೂ ಇಬ್ಬರಲ್ಲೊಬ್ಬರಿಗೆ ಮೋಸವೆಂದು ನನಗೆ ಗೊತ್ತಿತ್ತು.

ನಡುವೆ ಬುಕ್ಕಸಾಗರದ ಕಡೆಯ ಹೆಂಗಸೊಬ್ಬಳು ವಿರೂಪಾಕ್ಷನ ದರ್ಶನ ಮುಗಿಸಿ ಬಂದವಳು ಮಂಟಪದ ಮುಂದೆ ನಿಂತಳು. ತೂಗುವ ಗುಂಡು, ಅದರ ಸುತ್ತ ಮೌನವಾಗಿ ಕುಳಿತ ಜನ, ಒಂದೇ ಸಮನೆ ಜಪದಂತೆ ಎಣಿಸುವ ನಾನು. “ಯಾವ ದೇವ್ರು ಬೇ ಇದು?” ಎಂದು ಅವ್ವನನ್ನು ಕೇಳಿದಳು.

“ತೂಗೋ ದೇವ್ರು” ಎಂದಳು ಅವ್ವ. “ಒಂದು ಹೂವಿಟ್ಟು ಕೈ ಮುಗಿ ನಮ್ಮವ್ವ. ನನ್ನ ಮಗಳ ಮದುವಿ ಆಗಲಿ.”

ಆಕೆ ಹೂವಿಟ್ಟು, ಕೆನ್ನೆ ಬಡಿದುಕೊಂಡು ಹೋದಳು.

ಮೂರು ಸಲ ತೂಗಿದರು. ಮೂರು ಸಲವೂ ಪುಸ್ತಕದಲ್ಲಿದ್ದಷ್ಟೇ ಹೊತ್ತು. ಅಪ್ಪ ಜೇಬಿನ ಗಡಿಯಾರವನ್ನು ಕಿವಿಗಿಟ್ಟು ನೋಡಿ, ಮುಚ್ಚಿ, ಜೇಬಿಗೆ ಹಾಕಿಕೊಂಡರು. ಮಾಸ್ತರು ಗೆದ್ದವರ ಹಾಗೆ ಕಾಣಲಿಲ್ಲ. ದಾರ ಸುತ್ತುತ್ತ, “ಗಾಳಿ ಒಂದೀಟು ಇತ್ತು ರಾಯರ” ಎಂದರು.

“ಗಾಳಿ ಇರಲಿಲ್ಲ” ಎಂದರು ಅಪ್ಪ.

ಮನೆಗೆ ಬಂದವರೇ ಅಪ್ಪ ಸ್ಟೂಲು ಹತ್ತಿ ಗಡಿಯಾರವನ್ನು ಇಳಿಸಿ, ಕಮಲದ ಚಿತ್ರದ ಬಾಗಿಲನ್ನು ತಮ್ಮ ಕೈಯಿಂದಲೇ ತೆರೆದರು. ಲೋಲಕದ ಬಿಲ್ಲೆಯ ಅಡಿಗೆ ಕಡಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ನಿಂಬೆಹಣ್ಣಿನಷ್ಟು ದೊಡ್ಡದು, ಕಲ್ಲಿನಂತೆ ಗಟ್ಟಿ. ಭಾರ ಕೆಳಗಿಳಿದು ಲೋಲಕ ಉದ್ದವಾದಂತಾಗಿತ್ತು. ಉದ್ದದ್ದು ನಿಧಾನ ತೂಗುತ್ತದೆ, ಅಷ್ಟೆ.

“ನಾವು ಮಂತ್ರಾಲಯಕ್ಕ ಹೋದಾಗ ಕೀಲಿ ಇಲ್ಲದ ನಿಂತಿತ್ತಲ್ರಿ, ಆಗ ಕಟ್ಟೇದ” ಎಂದಳು ಅವ್ವ. ಆಮೇಲೆ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. “ಇಷ್ಟು ದಿನ ಬ್ರಹ್ಮಾಂಡ ಹಿಗ್ಗಿಸಿದ್ದು ಈ ಹುಳಾನ ಏನ್ರಿ?”

ಅಪ್ಪ ನಗಲಿಲ್ಲ. ಸಿಟ್ಟಾಗಲೂ ಇಲ್ಲ. ಗೂಡನ್ನು ಕೆತ್ತಿ ತೆಗೆದು, ಗಡಿಯಾರವನ್ನು ಗೋಡೆಗೆ ಹಾಕಿ, ಸ್ಟೇಷನ್ನಿಗೆ ಹೋದರು. ಎರಡು ದಿನ ಹಾಗೇ ಇದ್ದರು. ಮನೆಯಲ್ಲಿ ಎಲ್ಲವೂ ಸರಿಯಾದ ಹೊತ್ತಿಗೆ ನಡೆಯುತ್ತಿತ್ತು. ಅದೇ ಒಂದು ಸಂಕಟವಾಗಿತ್ತು. ಮೂರನೆಯ ದಿನ ಮಾವ ಸಂಡೂರಿಗೆ ಹೊರಟು ನಿಂತಾಗ ಅಪ್ಪ ಕರೆದರು.

“ಆ ಮಾಸ್ತರ ಮನಿಯವರಿಗೆ ಕೇಳು. ಅವರಿಗೆ ಒಪ್ಪಿಗಿ ಇದ್ರ, ಈ ತಿಂಗಳೊಳಗ ಮಾಡಿಬಿಡೋಣು.”

ಮಾವ ಕೈಯ ಚೀಲ ಕೆಳಗಿಟ್ಟ. “ಭಾವಾರ, ಅವರು ನಿಮ್ಮ ಮಾತು ಸುಳ್ಳು ಮಾಡಿದ್ರಲ್ಲ?”

“ಹುಚ್ಚಪ್ಪ” ಎಂದರು ಅಪ್ಪ. “ನಾ ಈ ಮಾತು ಎಷ್ಟು ಮಂದಿಗೆ ಹೇಳೀನಿ. ಕೆಲವರು ಹೌದು ಅಂದ್ರು, ಕೆಲವರು ಹಿಂದ ನಕ್ಕರು. ದಾರ ತಗೊಂಡು ಹಂಪಿ ತನಕ ಬಂದು ತೂಗಿ ನೋಡಿದಾಂವ ಇವನೊಬ್ಬನ.” ಹೇಳಿ, ಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತರು. ಅಂದು ಕೀಲಿ ಕೊಡುವ ವಾರವಾಗಿರಲಿಲ್ಲ.

ಹೀಗೆ ಅವರು ‘ನಮ್ಮವರು’ ಆದರು. ಮನೆ ಮಾಡಿದ್ದು ಎರಡು ಓಣಿ ಆಚೆ. ಪ್ರತಿ ರವಿವಾರ ಅಪ್ಪ, ಅಳಿಯ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಬ್ರಹ್ಮಾಂಡ ಹಿಡಿಯುವರು. ಗಡಿಯಾರ ಸುಳ್ಳು ಹೇಳಿತು ಎಂದ ಮಾತ್ರಕ್ಕೆ ಸಿದ್ಧಾಂತ ಸುಳ್ಳಾಯಿತೆ ಎಂದು ಅಪ್ಪ. ಸಾಕ್ಷಿಯಿಲ್ಲದ ಸಿದ್ಧಾಂತ ಇದ್ದರೇನು ಬಿಟ್ಟರೇನು ಎಂದು ಇವರು.

ಎರಡನೆಯ ಮಹಾಯುದ್ಧ ಶುರುವಾಗುವ ಸುಮಾರಿಗೆ, ಒಂದು ರವಿವಾರ ಇವರು ಒಂದು ಇಂಗ್ಲಿಷ್ ಪತ್ರಿಕೆ ಹಿಡಿದು ತವರುಮನೆಯವರೆಗೆ ಅಕ್ಷರಶಃ ಓಡಿದರು, ಹಿಂದೆ ನಾನು. ಹೊಸ್ತಿಲಲ್ಲೇ ಕೂಗಿದರು: “ಮಾವಾರ, ಇಂಗ್ಲೆಂಡಿನ ದೊಡ್ಡ ಪಂಡಿತರೊಬ್ಬರು ನೀವು ಹೇಳಿದ್ದನ್ನ ಹೇಳ್ಯಾರ್ರಿ! ಬ್ರಹ್ಮಾಂಡಕ್ಕ ವಯಸ್ಸಾದಂಗ ಎಳೆತ ಕಮ್ಮಿ ಆಗ್ತದಂತ!” ಅವರ ಮುಖ ನೋಡಬೇಕಿತ್ತು ನೀವು. ತಾವೇ ಸೋತ ಸುದ್ದಿಯನ್ನು ಅಷ್ಟು ಖುಷಿಯಿಂದ ಹೊತ್ತು ತಂದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು.

“ಎಷ್ಟು ಕಮ್ಮಿ ಆಗ್ಯದಂತ?”

“ಭಾಳ ಸಣ್ಣದ್ರಿ. ನಮ್ಮ ದಾರಕ್ಕ ತಿಳಿಯೋ ಮಾತಲ್ಲ.”

“ಸಾಕ್ಷಿ?”

“ಇನ್ನೂ ಇಲ್ರಿ.”

ಅಪ್ಪ ಪತ್ರಿಕೆ ಮಡಚಿ ಅಳಿಯನ ಕೈಗೆ ಕೊಟ್ಟರು. “ಹಂಗಾದ್ರ ನಾ ಒಪ್ಪೂದಿಲ್ಲ.”

ಇವರು ಅಲ್ಲೇ ಕುಳಿತು, ಅಪ್ಪನ ಸಿದ್ಧಾಂತವನ್ನು ಅಪ್ಪನಿಗೇ ಒಪ್ಪಿಸಲು ಶುರು ಮಾಡಿದರು. ಆಮೇಲಿನ ವರ್ಷಗಳಲ್ಲೆಲ್ಲ, ಅಪ್ಪ ಇರುವ ತನಕ, ಎಳೆತ ಸಡಿಲಾಗುತ್ತಿದೆ ಎಂದು ವಾದಿಸಿದವರು ನಮ್ಮವರು, ಒಪ್ಪದವರು ಅಪ್ಪ. ಒಮ್ಮೆ ನಾನು ಅಡುಗೆಮನೆಯಲ್ಲಿ ಅವ್ವನನ್ನು ಕೇಳಿದೆ, ಅಪ್ಪ ಹೀಗೇಕೆ ಮಾಡಿದರೆಂದು.

“ಒಪ್ಪಿಬಿಟ್ರ ಅಳಿಯ ಮುಂದಿನ ರವಿವಾರ ಯಾಕ ಬರ್ತಾನ?” ಎಂದಳು, ಕಾಫಿ ಸೋಸುತ್ತ.

ಈಗ ಅವರು ಮೂವರೂ ಇಲ್ಲ. ಈ ಮನೆಯ ಮೇಲಿನ ಕೋಣೆಯಲ್ಲಿ ಕಾಲೇಜಿನಲ್ಲಿ ಸೈನ್ಸ್ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುವುದಕ್ಕೆ ಬಿಟ್ಟರೆ ಕೆಳಗೆ ಇಳಿಯುವವಳಲ್ಲ. ಇಂದು ಬೆಳಗ್ಗೆ ಇಳಿದು ಬಂದವಳು, ನಾನು ಇದನ್ನು ಬರೆಯುವುದನ್ನು ಕಂಡು ಏನೆಂದು ಕೇಳಿದಳು. ಹೇಳಿದೆ. ನಕ್ಕಳು. “ಅಜ್ಜಿ, ಗುರುತ್ವಾಕರ್ಷಣೆ ಎಲ್ಲಾ ಬದಲಾಗಂಗಿಲ್ರಿ. ಕಾಣದ ಶಕ್ತಿ ಒಂದೈತಿ, ಅದು ಹಿಗ್ಗಿಸ್ತೈತಿ. ನಮ್ಮ ಮೇಡಂ ಹೇಳ್ಯಾರ.” ಹೇಳಿ, ಮಾತು ಮುಗಿಯಿತೆಂಬಂತೆ ಮೆಟ್ಟಿಲ ಕಡೆ ತಿರುಗಿದಳು.

ಅವಳ ಮೇಡಂ ಹೇಳಿದ್ದೇ ಸರಿಯಿರಬೇಕೆಂದು ನನಗೂ ಅನ್ನಿಸುತ್ತದೆ. ಇಷ್ಟು ವರ್ಷ ಆ ಇಬ್ಬರು ಮಾತಾಡಿದರು, ನಾನು ಕಾಫಿ ಕೊಟ್ಟೆ. ಯಾವ ಪಕ್ಷಕ್ಕೂ ಸೇರಿದವಳಲ್ಲ. ಆದರೆ ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು.

“ಕಾಣೂದಿಲ್ಲ ಅಂತೀ, ಮತ್ತ ಅದ ಅಂತೀ. ನಾ ಹೆಂಗ ನಂಬಲಿ?”

ಹುಡುಗಿ ನಿಂತಳು. ತಿರುಗಿದಳು. “ಹಂಗಲ್ರಿ ಅಜ್ಜಿ” ಎಂದು ಬಂದು ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಮೇಲೆ ಕೊಡವಿಟ್ಟು ನಲ್ಲಿ ತೆರೆದೇ ಬಂದಿದ್ದಳೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನೀರು ತುಂಬಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರತೊಡಗಿತು. ಅವಳೂ ನೋಡಿದಳು, ನಾನೂ ನೋಡಿದೆ. ಇಬ್ಬರೂ ಏಳಲಿಲ್ಲ.